ಟ್ರೈಪಾಡ್ ಹೊತ್ತವನ ಹೇಳಿಕೆ

ಅವಳ ಬಗ್ಗೆ ಬರೆಯುವವರು ಬಂದಿದ್ದರು ಮೊನ್ನೆ.
ಪಯಣ ಅಂದರು, ಪ್ರಭಾವ ಅಂದರು,
ಕಾಫಿ ಆರಿಹೋಯಿತು.
ನನ್ನನ್ನು ಕೇಳಿದ್ದರೆ ತೂಕ ಹೇಳುತ್ತಿದ್ದೆ:
ನಾಲ್ಕೂವರೆ ಕಿಲೋ, ಒಂದು ಕಾಲು ಸಡಿಲ,
ಎಡ ಹೆಗಲು, ಹತ್ತೊಂಬತ್ತು ವರ್ಷ.

ದಿಲ್‌ಮಾಯಾ ಪುನ್.
ಗ್ಯಾಸ್ ಪುಸ್ತಕದಲ್ಲಿ ದಿಲಮಯ್ಯ,
ನಮ್ಮ ಕೇರಿಗೆ ಗೂರ್ಖನ ಮಗಳು.
ನಾಲ್ಕು ತುಂಬಿದಾಗ ರೋಲ್ಪಾದ ಬೆಟ್ಟ ಇಳಿದು
ಮೂರು ರೈಲು ಬದಲಿಸಿ
ಅಪ್ಪನ ಸ್ವೆಟರಿನೊಳಗೆ ನಿದ್ದೆ ಹೋದವಳು
ಎದ್ದದ್ದು ಶಿವಮೊಗ್ಗೆಯಲ್ಲಂತೆ.

ತಿಲ್‌ಬಹಾದೂರ ರಾತ್ರಿ ದುರ್ಗಿಗುಡಿ ಸುತ್ತುವಾಗ
ಮಗಳು ಸೈಕಲ್ಲಿನ ಹಿಂದೆ.
ಮುಚ್ಚಿದ ಶಟರುಗಳ ಮೇಲೆ ಟಾರ್ಚಿನ ದುಂಡು ಬೆಳಕು:
ಒಂದು ಬೀಗ, ಒಂದು ಹಲ್ಲಿ,
ಹರಿದ ಪೋಸ್ಟರಿನಲ್ಲಿ ಉಳಿದ ನಾಯಕಿಯ ಮೂಗು.
"ನಾನು ನೋಡಿದ ಮೊದಲ ಸಿನಿಮಾ ಅದೇ ಕಣೋ ಹಾಲೇಶ.
ಟಿಕೇಟಿಲ್ಲ. ಇಂಟರ್ವಲ್ಲಿಗೆ ಅಪ್ಪ ಸೀಟಿ ಊದ್ತಿದ್ರು."

ಹೊಟ್ಟೆಗೆ ಮದುವೆ ವಿಡಿಯೋ.
ಧಾರೆಯ ಹೊತ್ತಿಗೆ ವಧುವಿನ ಮುಖ ಬಿಟ್ಟು
ಎಂಜಲೆಲೆ ಎತ್ತುವವರ ಕೈ ಹಿಡಿದದ್ದಕ್ಕೆ
ಸವಳಂಗ ರಸ್ತೆಯ ಪಾರ್ಟಿಯೊಂದು
ಬಾಕಿ ದುಡ್ಡು ಇವತ್ತಿಗೂ ಕೊಟ್ಟಿಲ್ಲ.
ಆ ಕೈಗಳೇ ಅವಳ ಎರಡನೇ ಚಿತ್ರ.

ಸಕ್ರೆಬೈಲಿಗೆ ಹೋಗೋಣ, ಆನೆ ತೆಗೆಯೋಣ ಅಂದಾಗ
ಸದ್ಯ, ಜನ ನೋಡುತ್ತಾರೆ ಅಂದುಕೊಂಡೆ.
ಮೂರು ಬೆಳಗು ತುಂಗೆಯಲ್ಲಿ ಮೊಣಕಾಲುದ್ದ ನಿಂತೆ.
ತೆಗೆದದ್ದು ಮಾವುತನ ಪಾದ,
ಕಿವಿಯ ಹಿಂದೆ ಒತ್ತುವ ಹೆಬ್ಬೆರಳು,
ಒತ್ತದೆ ಸುಮ್ಮನೆ ಕೂತ ಹೆಬ್ಬೆರಳು.
ಆನೆ ಎಲ್ಲಿ ಮೇಡಂ?
"ಅದು ಗೊತ್ತಿರೋದೇ ಅಲ್ವಾ."

ಕ್ಯಾಮೆರಾ ಒತ್ತೆಯಿಟ್ಟ ತಿಂಗಳುಗಳಲ್ಲಿ ಚಿತ್ರ ಬರೆಯುವಳು.
ಅಪ್ಪನ ವಸೂಲಿ ಪುಸ್ತಕದ ಹಾಳೆ:
ಹತ್ತು, ಹತ್ತು, ಮುಂದಿನ ತಿಂಗಳು, ಹತ್ತು, ಮನೆಯಲ್ಲಿಲ್ಲ.
ಅದರ ಮೇಲೆ, ಟಾರ್ಚಿನ ಸತ್ತ ಸೆಲ್ಲು ಒಡೆದು
ಒಳಗಿನ ಕಪ್ಪು ಪುಡಿಯಲ್ಲಿ ಬೆಟ್ಟ.
ನೆನಪಿದ್ಯಾ ಊರಿನ ಬೆಟ್ಟ ಅಂತ ಕೇಳಿದೆ.
ಇಲ್ಲ ಅಂದಳು.
ಅದಕ್ಕೇ ಸಲಕ್ಕೊಂದು ಥರ.

ಬೆಂಗಳೂರಿನ ಉತ್ಸವದ ಫಾರಮ್ಮಿನಲ್ಲಿ
ಚಿತ್ರದ ಭಾಷೆ? ಎಂಬಲ್ಲಿ ಸೀಟಿ ಎಂದು ತುಂಬಿದಳು,
ಫಾರಂ ವಾಪಸ್ ಬಂತು.
ಕಠ್ಮಂಡುವಿನವರಿಗೆ ಅದು ತೀರಾ ಕನ್ನಡದ್ದಾಗಿ ಕಂಡಿತು.
ಒಂದು ಚಿತ್ರ ಒಂಟಿಯಾಗಿ ಸಮುದ್ರ ದಾಟಿತು,
ಕಾಗದಪತ್ರ ಸಾಲದೆ ಇವಳು ಇಲ್ಲೇ.
ಅಲ್ಲಿ ಕೊಟ್ಟ ಗಾಜಿನ ಬಟ್ಟಲು
ಕೊರಿಯರಿನಲ್ಲಿ ಬಿರುಕು ಬಿಟ್ಟು ಬಂತು;
ಅದರಲ್ಲಿ ಸ್ಕ್ರೂಗಳನ್ನು ಹಾಕಿಡುತ್ತೇವೆ.

ಆಮೇಲೆ ಬಡಾವಣೆಗೆ ಕ್ಯಾಮೆರಾ ಬಂತು,
ಕಂಬಕ್ಕೊಂದು.
ಅದು ಮೊದಲು ತೆಗೆದದ್ದು ಅಪ್ಪನ ಕೆಲಸ.

ದಿಲ್‌ಮಾಯಾ ಅಳಲಿಲ್ಲ.
ಸಂಘದ ಕಾರ್ಯದರ್ಶಿಯನ್ನು ಕಾಡಿ ಬೇಡಿ
ಆ ಕಂಬಗಳು ಕಂಡ ಎಂಬತ್ತು ಗಂಟೆ ತಂದಳು:
ಯಾರೂ ಇಲ್ಲದ ರಸ್ತೆ, ನಾಯಿ,
ಹಾರುವ ಪ್ಲಾಸ್ಟಿಕ್, ಮತ್ತೆ ನಾಯಿ.
ಹಾಸಿಗೆಗಳನ್ನು ಗೋಡೆಗೆ ಒರಗಿಸಿದ ಕೋಣೆಯಲ್ಲಿ
ಮುದುಕನನ್ನು ಕೂರಿಸಿ ಸೀಟಿ ಊದಿಸಿದಳು.
ಆರು ಸಲ ಬರೀ ಉಸಿರು.
ಏಳನೆಯದು ಬಂತು.

ಪಾರ್ಕಿನ ಗೋಡೆಗೆ ಬೆಡ್‌ಶೀಟು ಕಟ್ಟಿ ತೋರಿಸಿದೆವು.
ಮೂವತ್ತೊಂದು ಜನ,
ಮಂಡಕ್ಕಿ ಮುಗಿದ ಮೇಲೆ ಹದಿನೆಂಟು.
ಪರದೆಯ ಮೇಲೆ ರಾತ್ರಿ ಎರಡು ಗಂಟೆ, ಖಾಲಿ ತಿರುವು,
ದೂರದಿಂದ ಸೀಟಿ.
ನನ್ನ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ
ಕಣ್ಣು ತೆರೆದೇ ಇದ್ದ ವಿಶಾಲಾಕ್ಷಿ ಟೀಚರು
ಮಗ್ಗುಲು ಬದಲಿಸಿದರು,
ನಿದ್ದೆಯಲ್ಲಿ ಬದಲಿಸುತ್ತಾರಲ್ಲ, ಹಾಗೆ.

ಅವಳು ನೋಡಲಿಲ್ಲ.
ಪ್ರೊಜೆಕ್ಟರು ಕಾದಿದೆ ಎಂದು
ಪಕ್ಕದಲ್ಲಿ ಬಗ್ಗಿ ರಟ್ಟು ಬೀಸುತ್ತಿದ್ದಳು.
ನಾನಿನ್ನೂ ಹೇಳಿಲ್ಲ.

ನಾಳೆ ಐದೂವರೆಗೆ ಭದ್ರಾವತಿಯಲ್ಲಿ ಮುಹೂರ್ತ.
ಸಡಿಲ ಕಾಲಿಗೆ ದಾರ ಸುತ್ತುತ್ತಾ ಕೂತಿದ್ದೇನೆ.